ಫಾರ್ಮ್ಯಾಟ್ ಹೊಡೆಸುವ ಮುನ್ನ ಏನೇನು ನೋಡಬೇಕು? (ಸ್ಲೋ, ನೀಲಿ ಪರದೆ, ತಾನೇ ರೀಸ್ಟಾರ್ಟ್)

ಬೈಟು ಕಾಫಿ

ಲ್ಯಾಪ್‌ಟಾಪ್ ವಿವರ: ಐ3 7020ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಹೋಮ್ ಸಿಂಗಲ್ ಲ್ಯಾಂಗ್ವೇಜ್, 22ಎಚ್2. ಡೆಸ್ಕ್‌ಟಾಪ್ ಬಂದ ಮೇಲೂ ಏಳೆಂಟು ನಿಮಿಷ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತೆ. ಆಗಾಗ ನೀಲಿ ಪರದೆ, ಅದರಲ್ಲಿ 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಅಂತ ಇರುತ್ತೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಣ ಅಂತಿದ್ದಾರೆ. ಒಳಗೆ ಟ್ಯಾಲಿ ಲೆಕ್ಕ ಇದೆ, ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿವೆ. ಒಪ್ಪಿಕೊಳ್ಳುವ ಮುಂಚೆ ನಾನೇ ಏನೇನು ಪರೀಕ್ಷೆ ಮಾಡಬಹುದು? ಯಾವ ಕ್ರಮದಲ್ಲಿ?

ತಿರುಪುಳಿ

ಫಾರ್ಮ್ಯಾಟ್‌ನಿಂದ ವಾಸಿಯಾಗುವುದು ಸಾಫ್ಟ್‌ವೇರ್ ಕಾಯಿಲೆ ಮಾತ್ರ. ಆದ್ದರಿಂದ ತೊಂದರೆ ಹಾರ್ಡ್‌ವೇರಿನದೋ ವಿಂಡೋಸಿನದೋ ಅನ್ನೋದು ಮೊದಲು ತೀರ್ಮಾನ ಆಗಬೇಕು. ನೀವು ಬರೆದ ಎರಡು ಲಕ್ಷಣ ಸೇರಿಸಿ ನೋಡಿದರೆ ನನ್ನ ಅನುಮಾನ ಡಿಸ್ಕಿನ ಮೇಲೆ. 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಬರುವುದು ರ‍್ಯಾಮ್‌ನಿಂದ ಡಿಸ್ಕಿಗೆ ಇಳಿಸಿಟ್ಟಿದ್ದ ಮಾಹಿತಿಯನ್ನು ವಿಂಡೋಸ್ ವಾಪಸ್ ಓದಲು ಹೋಗಿ ಓದಲಾಗದಿದ್ದಾಗ. ಕೇಬಲ್, ರ‍್ಯಾಮ್ ಕೆಟ್ಟಾಗಲೂ ಬರುತ್ತೆ, ಆದರೆ ಜೊತೆಗೆ ಡಿಸ್ಕ್ 100% ನಿಂತಿದ್ದರೆ ಮೊದಲು ಡಿಸ್ಕನ್ನೇ ನೋಡಬೇಕು.

ಬೇರೆ ಯಾವ ಪ್ರಯೋಗಕ್ಕೂ ಮುಂಚೆ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಇಡೀ ಸಿ ಡ್ರೈವನ್ನು ಒಟ್ಟಿಗೆ ಎಳೆಯಬೇಡಿ. ಟ್ಯಾಲಿ ಡೇಟಾ, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋ, ಹೀಗೆ ಬೇಕಾದ್ದರಿಂದ ಶುರು ಮಾಡಿ. ಎಲ್ಲಾದರೂ ನಕಲು ನಿಂತರೆ ಆ ಫೋಲ್ಡರ್ ಬಿಟ್ಟು ಮುಂದಕ್ಕೆ ಹೋಗಿ, ಕೊನೆಯಲ್ಲಿ ಅದಕ್ಕೆ ವಾಪಸ್ ಬನ್ನಿ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ, ಅದರ ಪೋರ್ಟಬಲ್ ಆವೃತ್ತಿ ಸಾಕು. ಇನ್‌ಸ್ಟಾಲ್ ಮಾಡುವುದೇ ಬೇಡ. ಮೇಲೆ 'ಗುಡ್', 'ಕಾಷನ್', 'ಬ್ಯಾಡ್' ಅಂತ ತೋರಿಸುತ್ತೆ, ಅದೊಂದನ್ನೇ ನಂಬಿ ಕೂರಬೇಡಿ. ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲು ನೋಡಿ: 05, ಸಿ5, ಸಿ6, ಸಿ7. (ಸೆಕ್ಟರ್ ಅಂದರೆ ಡಿಸ್ಕ್ ಮಾಹಿತಿ ಇಡುವ ಸಣ್ಣ ತುಂಡು.) 05 ಅಂದರೆ ಕೆಟ್ಟು ಹೋಗಿ ಬದಲಿ ಜಾಗಕ್ಕೆ ವರ್ಗವಾದ ಸೆಕ್ಟರ್‌ಗಳು. ಸಿ5 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಸಿ6 ಸರಿಪಡಿಸಲಾಗದವು. ಸಿ7 ಏರುತ್ತಿದ್ದರೆ ಡಿಸ್ಕ್ ಬಿಟ್ಟು ಕೇಬಲ್ ಅಥವಾ ಕನೆಕ್ಟರ್ ನೋಡಿ. ಡೆಸ್ಕ್‌ಟಾಪ್ ಆದರೆ ಸಾಟಾ ಕೇಬಲ್ ಬದಲಿಸಿದರೆ ಸಾಕಾಗುತ್ತೆ. 'ರಾ ವ್ಯಾಲ್ಯೂ' ಕಾಲಂನ ಸಂಖ್ಯೆಗಳು ಹದಿನಾರರ ಲೆಕ್ಕದ ಹೆಕ್ಸ್‌ನಲ್ಲಿರುತ್ತವೆ. ಫಂಕ್ಷನ್, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್‌ಗೆ ಹೋಗಿ 10 ಅನ್ನು ಆರಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತೆ. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07 ಸಾಲಿನಲ್ಲಿ ದೊಡ್ಡ ದೊಡ್ಡ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಸಹಜ.

ಹುಬ್ಬಳ್ಳಿ ಬೆಂಚ್

ಅಂಗಡ್ಯಾಗ ಕುಂತಾವ್ರ ಮಾತೂ ಕೇಳ್ರಿ. ಫಾರ್ಮ್ಯಾಟ್ ಮಾಡಾಕ ಒಂದ್ ತಾಸು ಸಾಕು. ಕಾರಣ ಹುಡುಕ್ಕೋಂತ ಕುಂತ್ರ ಇಡೀ ದಿನ ಹೊಕ್ಕೈತಿ, ಅದಕ್ಕ ಗಿರಾಕಿ ರೊಕ್ಕಾ ಕೊಡಂಗಿಲ್ಲ. ಅದಕ್ಕ ಎಲ್ಲಾರೂ ಮೊದಲ ಫಾರ್ಮ್ಯಾಟ್ ಅಂತಾರ. ಅರ್ಧಕ್ಕರ್ಧ ಕೇಸಿನ್ಯಾಗ ಅದರಿಂದ ಸರಿನೂ ಆಗ್ತೈತಿ ಬಿಡ್ರಿ.

ತಿರುಪುಳಿ

ಬೆಂಚ್ ಅವರೇ, ಸರಿ ಆದಂಗೆ ಕಾಣುತ್ತೆ. ಯಾಕೆ ಅಂತ ಹೇಳ್ತೀನಿ. ಅಂಗಡಿಯಲ್ಲಿ ಮಾಡುವುದು ಕ್ವಿಕ್ ಫಾರ್ಮ್ಯಾಟ್. ಅದು ಕಡತಗಳ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತೆ, ಡಿಸ್ಕಿನ ಉಳಿದ ಭಾಗವನ್ನು ಮುಟ್ಟುವುದೂ ಇಲ್ಲ. ಹೊಸ ವಿಂಡೋಸ್ ಬೇರೆ ಜಾಗದಲ್ಲಿ ಕೂತುಕೊಳ್ಳುತ್ತೆ, ಕೆಟ್ಟ ಸೆಕ್ಟರ್‌ಗಳು ಖಾಲಿ ಜಾಗದೊಳಗೆ ಸೇರಿಹೋಗುತ್ತವೆ. ಡಿಸ್ಕ್ ತುಂಬುತ್ತಾ ಬಂದು ಅದೇ ಜಾಗಕ್ಕೆ ಕಡತ ಬಿದ್ದಾಗ ಮತ್ತೆ ಅದೇ ನಿಧಾನ, ಅದೇ ನೀಲಿ ಪರದೆ. ಗಿರಾಕಿಗೆ 'ವಿಂಡೋಸ್ ಮತ್ತೆ ಹಾಳಾಯ್ತು' ಅನ್ನಿಸುತ್ತೆ. ಆ ಹೊತ್ತಿಗೆ ಹಳೆಯ ಡೇಟಾ ಇರಲ್ಲ, ಡಿಸ್ಕ್ ಇನ್ನೂ ಹದಗೆಟ್ಟಿರುತ್ತೆ.

ಬೈಟು ಕಾಫಿ

ನೋಡಿದೆ. 'ಕಾಷನ್' ಅಂತ ಹಳದಿ ಬಣ್ಣದಲ್ಲಿ ಬಂತು. 05 ಸೊನ್ನೆ. ಸಿ5 ಮತ್ತು ಸಿ6 ಎರಡರಲ್ಲೂ 18. ಸಿ7 ಸೊನ್ನೆ. ಸಂಖ್ಯೆ ಹೆಕ್ಸ್‌ನಲ್ಲೇ ಇದೆ, ಬದಲಾಯಿಸಿಲ್ಲ. ಚೆಕ್‌ಡಿಸ್ಕ್ ಅಂದರೆ ವಿಂಡೋಸಿನದೇ ಡಿಸ್ಕ್ ಪರೀಕ್ಷೆ ಓಡಿಸಲಾ? ಎಲ್ಲ ಕಡೆ ಅದನ್ನೇ ಹೇಳ್ತಾರೆ.

ತಿರುಪುಳಿ

ಬೇಡ. ಕಡತಗಳ ನಕಲು ಮುಗಿಯುವವರೆಗೆ ಚೆಕ್‌ಡಿಸ್ಕ್ ಮುಟ್ಟಬೇಡಿ.

ಹೆಕ್ಸ್ 18 ಅಂದರೆ 24. ಇಪ್ಪತ್ನಾಲ್ಕು ಸೆಕ್ಟರ್ ಓದಲು ಬರುತ್ತಿಲ್ಲ. ಅಂಥ ಒಂದು ಸೆಕ್ಟರ್ ಸಿಕ್ಕಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತೆ, ಅಷ್ಟು ಹೊತ್ತು ಬೇರೆಲ್ಲ ಕೆಲಸ ಸಾಲಿನಲ್ಲಿ ಕಾಯುತ್ತೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಮೇಲೆ ಒತ್ತಿ ನೋಡಿ: ಆ್ಯಕ್ಟಿವ್ ಟೈಮ್ 100%, ವೇಗ ಸೆಕೆಂಡಿಗೆ ಬರೀ 1–2 ಎಂಬಿ, 'ಆವರೇಜ್ ರೆಸ್ಪಾನ್ಸ್ ಟೈಮ್' ಸಾವಿರಾರು ಮಿಲಿಸೆಕೆಂಡ್ ಇದ್ದರೆ ಇದೇ ಕತೆ. ಆರೋಗ್ಯವಾಗಿರುವ ಹಾರ್ಡ್ ಡಿಸ್ಕಿನಲ್ಲಿ ಆ ಕೊನೆಯ ಸಂಖ್ಯೆ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡಿನೊಳಗೆ ಇರುತ್ತೆ.

ಚೆಕ್‌ಡಿಸ್ಕನ್ನು /ಆರ್ ಹಾಕಿ ಓಡಿಸಿದರೆ ಡಿಸ್ಕಿನ ಮೊದಲಿಂದ ಕೊನೆಯವರೆಗೆ ಪ್ರತಿ ಸೆಕ್ಟರ್ ಓದಿಸುತ್ತೆ. ಸಾಯುತ್ತಿರುವ ಡಿಸ್ಕಿಗೆ ಗಂಟೆಗಟ್ಟಲೆ ಆ ಶಿಕ್ಷೆ ಕೊಟ್ಟರೆ ಅರ್ಧದಲ್ಲೇ ಕೈಕೊಡಬಹುದು. ಇನ್ನೊಂದು ಅಪಾಯ: ಅದರ ಕೆಲಸ ಫೈಲ್ ವ್ಯವಸ್ಥೆಯನ್ನು ಸುಸಂಬದ್ಧ ಮಾಡುವುದು, ನಿಮ್ಮ ಕಡತ ಉಳಿಸುವುದಲ್ಲ. ಓದಲಾಗದ ತುಂಡನ್ನು ಕಡತದಿಂದ ಕಿತ್ತು ಹಾಕಿ 'ಸರಿಯಾಯಿತು' ಅನ್ನುತ್ತೆ.

ಲಾಗ್ ಓದುಗ

ತಿರುಪುಳಿ ಅವರ ಮಾತಿಗೆ ಪುರಾವೆ ವಿಂಡೋಸ್‌ನಲ್ಲೇ ಸಿಗುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ 'ಪರ್ಫ್‌ಮಾನ್ /ರೆಲ್' ಎಂದು ಕೊಡಿ. (ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.) ರಿಲಯಬಿಲಿಟಿ ಮಾನಿಟರ್ ತೆರೆದುಕೊಳ್ಳುತ್ತದೆ. ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ಡ್ರೈವರ್ ಕೂತಿತು, ಯಾವ ದಿನದಿಂದ ಕೆಂಪು ಗುರುತು ಶುರುವಾಯಿತು ಎಂಬುದು ದಿನಾಂಕದ ಸಾಲಿನಲ್ಲಿ ಕಾಣುತ್ತದೆ. ಒಂದು ನಿರ್ದಿಷ್ಟ ದಿನದ ನಂತರ ತೊಂದರೆ ಶುರುವಾಗಿದ್ದರೆ ಆ ದಿನ ಬಂದದ್ದನ್ನು ತೆಗೆದು ನೋಡಿ. ಈ ಪುಟ ಇದೆಯೆಂದೇ ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನೂ ಆಳಕ್ಕೆ ಇವೆಂಟ್ ವ್ಯೂವರ್ (ವಿಂಡೋಸಿನ ಘಟನೆಗಳ ದಾಖಲೆ ಪುಸ್ತಕ), ಅದರಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಮ್. ಕೆಂಪು, ಹಳದಿ ಗುರುತುಗಳು ಒಳ್ಳೆಯ ಯಂತ್ರದಲ್ಲೂ ನೂರಾರು ಇರುತ್ತವೆ. 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ' ಎಂದು ಫೋನ್ ಮಾಡುವ ವಂಚಕರು ತೋರಿಸಿ ಹೆದರಿಸುವುದೂ ಇದನ್ನೇ. ನೋಡಬೇಕಾದವು ಕೆಲವೇ. ಮೂಲ 'ಡಿಸ್ಕ್' ಎಂದಿದ್ದು ಸಂಖ್ಯೆ 7 ಇದ್ದರೆ ಕೆಟ್ಟ ಬ್ಲಾಕ್. 153 ಇದ್ದರೆ ಓದು-ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು ಎಂದರ್ಥ. 'ಎನ್‌ಟಿಎಫ್‌ಎಸ್' 55 ಎಂದರೆ ಫೈಲ್ ವ್ಯವಸ್ಥೆ ಕೆಟ್ಟಿದೆ. 'ಡಬ್ಲ್ಯುಎಚ್ಇಎ ಲಾಗರ್' ಹೆಸರು ಕಂಡರೆ ಪ್ರೊಸೆಸರ್, ರ‍್ಯಾಮ್ ಅಥವಾ ಪಿಸಿಐ ಸಂಪರ್ಕ ಸ್ವತಃ ದೂರು ಕೊಟ್ಟಿದೆ. ವಿಂಡೋಸ್ ಬದಲಿಸಿ ಪ್ರಯೋಜನವಿಲ್ಲ.

'ಕರ್ನಲ್ ಪವರ್ 41' ಬಗ್ಗೆ ವಿಪರೀತ ತಪ್ಪು ತಿಳಿವಳಿಕೆ ಇದೆ. ಅದು ಕಾರಣ ಹೇಳುವುದಿಲ್ಲ, 'ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಗಿದೆ' ಎಂದಷ್ಟೇ ಹೇಳುತ್ತದೆ. ಅದರ ಡೀಟೇಲ್ಸ್ ಪುಟದಲ್ಲಿ 'ಬಗ್‌ಚೆಕ್ ಕೋಡ್' ಸೊನ್ನೆ ಇದ್ದರೆ ನೀಲಿ ಪರದೆ ಬಂದಿಲ್ಲ: ಕರೆಂಟ್ ಹೋಗಿದೆ, ಇಲ್ಲವೇ ಯಂತ್ರ ಹಾಗೇ ಕಟ್ಟಿಹೋಗಿದೆ. ಸೊನ್ನೆಯಲ್ಲದಿದ್ದರೆ ಆ ಸಂಖ್ಯೆಯೇ ನೀಲಿ ಪರದೆಯ ಕೋಡ್, ಅದನ್ನು ಹೆಕ್ಸ್‌ಗೆ ಬದಲಿಸಿ ಹುಡುಕಿ.

ನೀಲಿ ಪರದೆಗೆ ಬ್ಲೂಸ್ಕ್ರೀನ್‌ವ್ಯೂ ಎಂಬ ಚಿಕ್ಕ ತಂತ್ರಾಂಶ ಸಾಕು. ವಿಂಡೋಸ್ ಫೋಲ್ಡರಿನ ಮಿನಿಡಂಪ್ ಕಡತಗಳನ್ನು (ನೀಲಿ ಪರದೆ ಬಂದಾಗ ಉಳಿಯುವ ದಾಖಲೆ) ಓದಿ ಯಾವ ಡ್ರೈವರ್ ಹೆಸರು ಬರುತ್ತಿದೆ ಎಂದು ತೋರಿಸುತ್ತದೆ. ಪ್ರತಿ ಸಲವೂ ಒಂದೇ ಡ್ರೈವರ್ ಎಂದರೆ ಡಿವೈಸ್ ಮ್ಯಾನೇಜರಿನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಕೊಡಿ. ಪ್ರತಿ ಸಲ ಬೇರೆ ಕೋಡ್, ಬೇರೆ ಹೆಸರು, ಒಂದಕ್ಕೊಂದು ಸಂಬಂಧವಿಲ್ಲ ಎಂದರೆ ರ‍್ಯಾಮ್ ಪರೀಕ್ಷಿಸಿ. 'ಎನ್‌ಟಿಒಎಸ್‌ಕರ್ನಲ್' ಎಂದು ತೋರಿಸಿದರೆ ಅದನ್ನು ಅಪರಾಧಿ ಎಂದುಕೊಳ್ಳಬೇಡಿ. ಅದು ವಿಂಡೋಸಿನ ಕರ್ನಲ್. ಬೇರೆ ಯಾರೋ ಮಾಡಿದ ಹಾನಿ ಅದರ ಕೈಯಲ್ಲಿದ್ದಾಗ ಸಿಕ್ಕಿಬಿದ್ದಿರುತ್ತದೆ.

ಮಲೆನಾಡು ಮಳೆ

ಇದರ ಜೊತೆ ನನ್ನದೂ ಒಂದು ಪ್ರಶ್ನೆ. ಹಳೆ ಡೆಸ್ಕ್‌ಟಾಪ್. ಎರಡು ದಿನ ಕರೆಂಟ್ ಇರಲಿಲ್ಲ, ಬಂದ ಮೇಲೆ ಆನ್ ಮಾಡಿದರೆ 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಅಂತ ನೀಲಿ ಪರದೆ, ಮತ್ತೆ ರೀಸ್ಟಾರ್ಟ್, ಮತ್ತೆ ಅದೇ. ಲಿನಕ್ಸ್ ಪೆನ್‌ಡ್ರೈವ್‌ನಿಂದ ತೆರೆದರೆ ಡಿಸ್ಕಿನ ಕಡತಗಳೆಲ್ಲ ಕಾಣ್ತಿವೆ. ವಿಂಡೋಸ್ ಹೋಯ್ತಾ?

ತಿರುಪುಳಿ

ವಿಂಡೋಸ್ ಹೋಗಿಲ್ಲ, ಹೋಗಿರುವುದು ಬಹುಶಃ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ. ಸಿಆರ್2032, 3 ವೋಲ್ಟಿನದು. ಬಯೋಸ್‌ಗೆ (ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ದಿನಾಂಕ ನೋಡಿ. ಹಳೆಯ ಯಾವುದೋ ವರ್ಷಕ್ಕೆ ಹೋಗಿದ್ದರೆ ಖಾತ್ರಿ.

ಬ್ಯಾಟರಿ ಸತ್ತು, ಗೋಡೆಯ ಕರೆಂಟೂ ಇಲ್ಲದಿದ್ದರೆ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿ ಕಾರ್ಖಾನೆಯ ಸ್ಥಿತಿಗೆ ಮರಳುತ್ತೆ. ಅದರಲ್ಲಿ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನೊಂದಿಗೆ ಮಾತಾಡುವ ರೀತಿ (ಎಎಚ್‌ಸಿಐ, ಐಡಿಇ, ರೇಡ್), ಕೂಡ ಒಂದು. ನಿಮ್ಮ ವಿಂಡೋಸ್ ಎಎಚ್‌ಸಿಐನಲ್ಲಿ ಇನ್‌ಸ್ಟಾಲ್ ಆಗಿದ್ದು, ಈಗ ಅದು ಐಡಿಇ ಅಥವಾ ರೇಡ್‌ಗೆ ಬದಲಾಗಿದ್ದರೆ (ಅಥವಾ ಉಲ್ಟಾ), ಡಿಸ್ಕಿನೊಂದಿಗೆ ಮಾತಾಡುವ ಡ್ರೈವರ್ ಶುರುವಿನಲ್ಲೇ ತಪ್ಪಿಹೋಗಿ ಈ ನೀಲಿ ಪರದೆ ಬರುತ್ತೆ. ಬ್ಯಾಟರಿ ಬದಲಿಸಿ, ದಿನಾಂಕ ಸರಿ ಮಾಡಿ, ಸಾಟಾ ಮೋಡ್ ಇನ್ನೊಂದಕ್ಕೆ ಇಟ್ಟು ಬೂಟ್ ಮಾಡಿ. ಮೊದಲು ಯಾವುದಿತ್ತೋ ನೆನಪಿಲ್ಲದಿದ್ದರೂ ಇರುವುದು ಎರಡು ಮೂರು ಆಯ್ಕೆ, ಒಂದೊಂದಾಗಿ ನೋಡಬಹುದು. ಡೇಟಾಗೆ ತೊಂದರೆಯಿಲ್ಲ. ಎರಡು ಡಿಸ್ಕ್ ಸೇರಿಸಿ ರೇಡ್ ಕಟ್ಟಿರುವ ಯಂತ್ರದಲ್ಲಿ ಮಾತ್ರ ಈ ಆಟ ಆಡಬೇಡಿ.

ನೀಲಿ ಪರದೆಯೂ ಬರದೆ 'ನೋ ಬೂಟಬಲ್ ಡಿವೈಸ್' ಅಂದರೆ ಬೂಟ್ ವಿಧಾನದ (ಯುಇಎಫ್ಐ, ಲೆಗಸಿ) ಆಯ್ಕೆ ಬದಲಾಗಿದೆಯಾ ನೋಡಿ. ಅದೂ ಇದೇ ಬ್ಯಾಟರಿಯ ಕೆಲಸ.

ರೀಸ್ಟಾರ್ಟ್ ರಾಯ

ಬ್ಯಾಟರಿಯದೇ ಇನ್ನೊಂದು ವೇಷ: ಇಂಟರ್ನೆಟ್ ಇದೆ, ಆದರೆ ಯಾವ ವೆಬ್‌ಸೈಟ್ ತೆರೆದರೂ 'ಸಂಪರ್ಕ ಸುರಕ್ಷಿತವಲ್ಲ' ಅನ್ನುತ್ತೆ. ದಿನಾಂಕ ಹಿಂದಕ್ಕೆ ಹೋದ ಕಾರಣ ಸೈಟುಗಳ ಪ್ರಮಾಣಪತ್ರ ಬ್ರೌಸರಿಗೆ ಹೊಂದುವುದಿಲ್ಲ. ಇಷ್ಟಕ್ಕೇ ಫಾರ್ಮ್ಯಾಟ್ ಹೊಡೆದ ಪುಣ್ಯಾತ್ಮರಿದ್ದಾರೆ. ನಾಣ್ಯದಷ್ಟು ಬ್ಯಾಟರಿಯ ಕೆಲಸಕ್ಕೆ!

ತಿರುಪುಳಿ

ಕರೆಂಟ್ ವಿಷಯ ಬಂದಿದ್ದಕ್ಕೆ ಇನ್ನೆರಡು. ಡೆಸ್ಕ್‌ಟಾಪ್ ತಾನೇ ರೀಸ್ಟಾರ್ಟ್ ಆಗುತ್ತಿದ್ದು, ಅದು ಕರೆಂಟ್ ಹೋಗಿ ಬರುವ ಹೊತ್ತಲ್ಲೇ ಆದರೆ ಯುಪಿಎಸ್ ಬ್ಯಾಟರಿ ನೋಡಿ. 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ ಒಂದೇ, ಎರಡು ಮೂರು ವರ್ಷಕ್ಕೆ ದುರ್ಬಲ ಆಗುತ್ತೆ. ಕರೆಂಟ್ ಸ್ಥಿರವಾಗಿರುವಾಗಲೂ ಗೇಮ್ ಅಥವಾ ವಿಡಿಯೋ ಕೆಲಸದ ಭಾರ ಬಿದ್ದ ಕೂಡಲೇ ಆಫ್ ಆದರೆ ಕರೆಂಟ್ ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್. ಮಲ್ಟಿಮೀಟರ್ ಇದ್ದರೆ ಭಾರ ಇರುವಾಗ ಅಳೆಯಿರಿ: ಹಳದಿ ತಂತಿ 11.4ರಿಂದ 12.6, ಕೆಂಪು 4.75ರಿಂದ 5.25 ವೋಲ್ಟ್ ನಡುವೆ ಇರಬೇಕು. ಎಸ್‌ಎಂಪಿಎಸ್ ಬಿಚ್ಚಿ ಒಳಗೆ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಶಾಕ್ ಉಳಿದಿರುತ್ತೆ.

ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಸಮನಾದ ಕಾಟ ಅಡಾಪ್ಟರ್‌ದು. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ವೇಗ 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದೆ, ಮೇಲೇಳುತ್ತಿಲ್ಲ ಅಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಕೆಲವು ಕಂಪನಿಗಳ ಅಡಾಪ್ಟರ್ ಪಿನ್ನಿನ ನಡುವೆ ಗುರುತು ಹೇಳುವ ಸಣ್ಣ ತಂತಿ ಇರುತ್ತೆ. ಅದು ಮುರಿದಿದ್ದರೆ ಅಥವಾ ಅಡಾಪ್ಟರ್ ನಕಲಿಯಾಗಿದ್ದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸದೆ ತನ್ನ ವೇಗ ತಾನೇ ಕತ್ತರಿಸಿಕೊಳ್ಳುತ್ತೆ. ಎಷ್ಟು ಸಲ ವಿಂಡೋಸ್ ಹಾಕಿದರೂ ಅದೇ ವೇಗ. ಬ್ಯಾಟರಿಯಲ್ಲೂ ನಿಧಾನವಾಗಿದ್ದು ಫ್ಯಾನ್ ಕೂಗುತ್ತಿದ್ದರೆ ಹೀಟ್‌ಸಿಂಕಿನ ಧೂಳು, ಒಣಗಿದ ಥರ್ಮಲ್ ಪೇಸ್ಟ್. ಎಚ್‌ಡಬ್ಲ್ಯುಇನ್ಫೋದಲ್ಲಿ 'ಥರ್ಮಲ್ ಥ್ರಾಟ್ಲಿಂಗ್' (ಬಿಸಿಗೆ ವೇಗ ಇಳಿಸಿಕೊಳ್ಳುವುದು) ಸಾಲು 'ಯೆಸ್' ಅಂದರೆ ಸಂಶಯವೇ ಬೇಡ.

ಹುಬ್ಬಳ್ಳಿ ಬೆಂಚ್

ರ‍್ಯಾಮ್ ಪರೀಕ್ಷೆ ಬಗ್ಗೆ ಯಾರೂ ಬರೀಲಿಲ್ಲ. ವಿಂಡೋಸಿನ 'ಎಂಡಿಶೆಡ್' (ಎಂ-ಡಿ-ಎಸ್-ಸಿ-ಎಚ್-ಇ-ಡಿ) ಹಗುರ ಪರೀಕ್ಷೆ, ಅದು ಪಾಸ್ ಅಂದ್ರ ನಂಬಾಕ ಆಗಂಗಿಲ್ಲ, ಫೇಲ್ ಅಂದ್ರ ಮಾತ್ರ ನಂಬ್ರಿ. ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿ ಓಡಿಸಿ ಮಲಗ್ರಿ. ಉಚಿತ ಆವೃತ್ತಿ ನಾಕು ಸುತ್ತು ಮಾಡ್ತೈತಿ, ಸಾಕದು. ಒಂದ ಒಂದು ತಪ್ಪು ಬಂದ್ರೂ ರ‍್ಯಾಮ್ ಕೆಟ್ಟೈತಿ ಅಂತನ ಲೆಕ್ಕ. ಎರಡು ಕಡ್ಡಿ ಇದ್ರ ಒಂದೊಂದ ಹಾಕಿ ಪರೀಕ್ಷೆ ಮಾಡ್ರಿ, ಆಮ್ಯಾಲ ಸ್ಲಾಟ್ ಬದಲಿ ಮಾಡ್ರಿ. ತಪ್ಪು ಕಡ್ಡಿ ಹಿಂದ ಹೊಂಟ್ರ ಕಡ್ಡಿ ಕೆಟ್ಟೈತಿ, ಸ್ಲಾಟಿನಾಗ ಉಳಿದ್ರ ಬೋರ್ಡ್ ಕೆಟ್ಟೈತಿ.

ರಬ್ಬರಿಲೆ ತಿಕ್ಕೂದು ಎಲ್ಲಾರಿಗೂ ಗೊತ್ತು. ತಿಕ್ಕ್ರಿ, ಆದ್ರ ಮೆಲ್ಲಕ, ಬಂಗಾರದ ಲೇಪ ಹೋಗಬಾರದು, ರಬ್ಬರಿನ ಪುಡಿ ಸ್ಲಾಟಿನಾಗ ಬೀಳಬಾರದು. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರ ಅದ ಚಲೋ.

ಗಣಕಿ

ಡಿಸ್ಕ್, ರ‍್ಯಾಮ್, ಬಿಸಿ, ಕರೆಂಟ್ ನಾಲ್ಕೂ ಸರಿಯಿವೆ ಎಂದಾದ ಮೇಲೆಯೇ ವಿಂಡೋಸ್ ರಿಪೇರಿಗೆ ಕೈ ಹಾಕಿ. ಈ ಭಾಗವನ್ನು ನಾನು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ 'ಅಪ್ ಟೈಮ್' ನೋಡಿ. ದಿನವೂ ಶಟ್‌ಡೌನ್ ಮಾಡುತ್ತಿದ್ದರೂ ಅಲ್ಲಿ ಹತ್ತಿಪ್ಪತ್ತು ದಿನ ಎಂದಿರಬಹುದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳತಿರುಳು ಡಿಸ್ಕಿನಲ್ಲಿ ಹಾಗೇ ಮಲಗಿರುತ್ತದೆ, ಮರುದಿನ ಅದೇ ಕೆಟ್ಟ ಸ್ಥಿತಿಯಲ್ಲಿ ಏಳುತ್ತದೆ. 'ರೀಸ್ಟಾರ್ಟ್' ಕೊಟ್ಟಾಗ ಮಾತ್ರ ನಿಜವಾಗಿ ಹೊಸದಾಗಿ ಶುರುವಾಗುವುದು. ಪ್ರಿಂಟರ್ ಸಿಗುತ್ತಿಲ್ಲ, ವೈಫೈ ಕಾಣುತ್ತಿಲ್ಲ ಎಂಬ ಎಷ್ಟೋ ದೂರು ಇಷ್ಟಕ್ಕೇ ಮುಗಿಯುತ್ತದೆ.

ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರೀಸ್ಟೋರ್‌ಹೆಲ್ತ್', ಅದು ಮುಗಿದ ಮೇಲೆ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ'. ಬಹಳ ಕಡೆ ಎಸ್‌ಎಫ್‌ಸಿಯನ್ನು ಮೊದಲು ಹೇಳುತ್ತಾರೆ. ಎಸ್‌ಎಫ್‌ಸಿ ಕೆಟ್ಟ ಕಡತಕ್ಕೆ ಬದಲಿಯನ್ನು ತರುವುದು ವಿಂಡೋಸ್ ಒಳಗಿನ ಉಗ್ರಾಣದಿಂದ. ಆ ಉಗ್ರಾಣವನ್ನೇ ದುರಸ್ತಿ ಮಾಡುವುದು ಡಿಸ್ಮ್. ಉಗ್ರಾಣದ ಅಕ್ಕಿಯೇ ಹುಳ ಹಿಡಿದಿದ್ದರೆ ಬಡಿಸಿ ಏನು ಬಂತು? ಡಿಸ್ಮ್ ನಡುವೆ 20 ಅಥವಾ 62.3 ಪ್ರತಿಶತದಲ್ಲಿ ಬಹಳ ಹೊತ್ತು ನಿಂತಂತೆ ಕಂಡರೆ ಮುಚ್ಚಬೇಡಿ, ಕಾಯಿರಿ. 'ಸೋರ್ಸ್ ಫೈಲ್ಸ್ ಕುಡ್ ನಾಟ್ ಬಿ ಫೌಂಡ್' ಎಂದರೆ ಅದೇ ಆವೃತ್ತಿಯ ಐಎಸ್ಒ (ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೂರ್ಣ ಕಡತ) ತೆರೆದು, ಅದರ ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್ ಕಡತವನ್ನು ಮೂಲವಾಗಿ ಕೊಡಬೇಕು. ಒಂದೇ ಕಡತದಲ್ಲಿ ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಪ್ರೊ ಎಲ್ಲ ಇರುತ್ತವೆ, ನಿಮ್ಮದರ ಕ್ರಮಸಂಖ್ಯೆಯನ್ನು ಡಿಸ್ಮ್‌ನ 'ಗೆಟ್-ವಿಮ್‌ಇನ್ಫೋ'ದಿಂದ ತಿಳಿದು ಹಾಕಿ.

ಇದೂ ಫಲಿಸದಿದ್ದರೆ ಹೊಸ ಯೂಸರ್ ಅಕೌಂಟ್ ಒಂದನ್ನು ತೆರೆದು ಅದರಲ್ಲಿ ಲಾಗಿನ್ ಆಗಿ. ಅಲ್ಲಿ ಎಲ್ಲ ಸರಿಯಿದ್ದರೆ ಕೆಟ್ಟಿರುವುದು ನಿಮ್ಮ ಪ್ರೊಫೈಲ್ ಮಾತ್ರ. ಕಡತಗಳನ್ನು ಹೊಸ ಅಕೌಂಟಿಗೆ ಸಾಗಿಸಿದರೆ ಆಯಿತು. ಅಲ್ಲೂ ಅದೇ ತೊಂದರೆಯಾದರೆ ಕ್ಲೀನ್ ಬೂಟ್: 'ಎಂಎಸ್‌ಕಾನ್ಫಿಗ್', ಸರ್ವಿಸಸ್ ಪುಟ, 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಗುರುತು ಹಾಕಿ ಉಳಿದದ್ದನ್ನೆಲ್ಲ ಆಫ್ ಮಾಡಿ. ತೊಂದರೆ ಹೋದರೆ ಅರ್ಧದಷ್ಟನ್ನು ಆನ್ ಮಾಡಿ, ಬಂದರೆ ಆ ಅರ್ಧದಲ್ಲಿ ಮತ್ತೆ ಅರ್ಧ. ಮೂವತ್ತು ಸರ್ವಿಸ್ ಇದ್ದರೂ ಐದು ರೀಸ್ಟಾರ್ಟಿನಲ್ಲಿ ಸಿಕ್ಕಿಬೀಳುತ್ತದೆ. ಮೈಕ್ರೋಸಾಫ್ಟ್ ಸರ್ವಿಸ್‌ಗಳನ್ನು ಅಡಗಿಸದೆ ಎಲ್ಲವನ್ನೂ ಆಫ್ ಮಾಡಿದರೆ ಲಾಗಿನ್ ಆಗುವುದೇ ಕಷ್ಟವಾದೀತು, ಆ ಗುರುತನ್ನು ಮರೆಯಬೇಡಿ.

ಕೊನೆಯ ಅಸ್ತ್ರ ಇನ್‌ಪ್ಲೇಸ್ ಅಪ್‌ಗ್ರೇಡ್. ವಿಂಡೋಸ್ ಓಡುತ್ತಿರುವಾಗಲೇ ಐಎಸ್ಒ ತೆರೆದು ಅದರ ಸೆಟಪ್ ಒತ್ತಿ, 'ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್' ಆರಿಸಿ. ಇಡೀ ವಿಂಡೋಸ್ ಹೊಸದಾಗಿ ಕೂರುತ್ತದೆ. ಟ್ಯಾಲಿ, ನುಡಿ, ಪ್ರಿಂಟರ್ ಎಲ್ಲ ಇದ್ದಲ್ಲೇ ಉಳಿಯುತ್ತವೆ. ಸಿ ಡ್ರೈವಿನಲ್ಲಿ 25–30 ಜಿಬಿ ಖಾಲಿ ಇಟ್ಟುಕೊಳ್ಳಿ. ಆ ಆಯ್ಕೆ ಮಂಕಾಗಿ ಒತ್ತಲು ಬರದಿದ್ದರೆ ಐಎಸ್ಒದ ಭಾಷೆ ಬೇರೆ, ಎಡಿಷನ್ ಬೇರೆ, ಇಲ್ಲವೇ ಅದು ಈಗಿನದಕ್ಕಿಂತ ಹಳೆಯದು. 'ಇಂಗ್ಲಿಷ್ ಇಂಟರ್‌ನ್ಯಾಷನಲ್' ಮತ್ತು 'ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್' ಕೂಡ ಇಲ್ಲಿ ಎರಡು ಬೇರೆ ಭಾಷೆ. 'ಡಿಸ್ಮ್ /ಆನ್‌ಲೈನ್ /ಗೆಟ್-ಇಂಟಲ್' (ಕೊನೆಯದು ಐ-ಎನ್-ಟಿ-ಎಲ್) ಕೊಟ್ಟರೆ ನಿಮ್ಮದು ಯಾವುದೆಂದು ಗೊತ್ತಾಗುತ್ತದೆ. ವಿಂಡೋಸ್ 11 ಇದ್ದವರಿಗೆ ಇದು ಇನ್ನೂ ಸುಲಭ: ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ 'ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್'. ಅದೇ ಪುಟದ 'ರೀಸೆಟ್ ದಿಸ್ ಪಿಸಿ'ಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. 'ಕೀಪ್ ಮೈ ಫೈಲ್ಸ್' ಎಂದರೂ ರೀಸೆಟ್ ನಿಮ್ಮ ತಂತ್ರಾಂಶಗಳನ್ನೆಲ್ಲ ತೆಗೆದುಬಿಡುತ್ತದೆ.

ಲಾಗ್ ಓದುಗ

ಡೆಸ್ಕ್‌ಟಾಪೇ ಬರದಿದ್ದಾಗಲೂ ಫಾರ್ಮ್ಯಾಟ್ ಅನಿವಾರ್ಯವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಇಲ್ಲಿನ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟದ್ದು ಆಗಲೇ. ಪರಿಹಾರವೇನಿತ್ತು? ಸೇಫ್ ಮೋಡಿಗೆ ಹೋಗಿ ಡ್ರೈವರ್ಸ್ ಫೋಲ್ಡರಿನೊಳಗೆ, ಹೆಸರಿನಲ್ಲಿ 291 ಇದ್ದ ಕಡತ ಅಳಿಸುವುದು. ಅಷ್ಟೇ. ಆದರೂ ದಿನಗಟ್ಟಲೆ ಹಿಡಿದದ್ದಕ್ಕೆ ಒಂದು ದೊಡ್ಡ ಕಾರಣ, ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಎನ್‌ಕ್ರಿಪ್ಷನ್) ಹಾಕಿದ್ದ ಯಂತ್ರಗಳಲ್ಲಿ ಪ್ರತಿಯೊಂದಕ್ಕೂ 48 ಅಂಕಿಯ ರಿಕವರಿ ಕೀ ಕೈಯಾರೆ ಒತ್ತಬೇಕಾಗಿದ್ದದ್ದು.

ನೀವೂ ಇದನ್ನು ಇವತ್ತೇ ಮಾಡಿಡಿ. ಅಡ್ಮಿನ್ ಪ್ರಾಂಪ್ಟಿನಲ್ಲಿ 'ಮ್ಯಾನೇಜ್-ಬಿಡಿಇ -ಸ್ಟೇಟಸ್' ಕೊಟ್ಟು ಸಿ ಡ್ರೈವ್ ಎನ್‌ಕ್ರಿಪ್ಟ್ ಆಗಿದೆಯೇ ನೋಡಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದಿದ್ದರೂ ಆಗಿರಬಹುದು. ಆಗಿದ್ದರೆ ಕೀಯನ್ನು ಮೈಕ್ರೋಸಾಫ್ಟ್ ಅಕೌಂಟಿನಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಕೀ ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಒಂದು ಕಡತವೂ ಸಿಗದು. ಬಯೋಸ್ ಅಪ್‌ಡೇಟ್ ಮಾಡುವ ಮುನ್ನ ಬಿಟ್‌ಲಾಕರ್ ಸಸ್ಪೆಂಡ್ ಮಾಡುವುದು ಕಡ್ಡಾಯ.

ಸೇಫ್ ಮೋಡಿಗೆ ಎಫ್8 ಈಗ ನಡೆಯುವುದಿಲ್ಲ. ಲಾಗಿನ್ ಪರದೆ ಬರುತ್ತಿದ್ದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಅದೂ ಬರದಿದ್ದರೆ ಬೂಟ್ ಆಗುವಾಗ ಪವರ್ ಬಟನ್ ಒತ್ತಿಹಿಡಿದು ಎರಡು ಮೂರು ಸಲ ಆಫ್ ಮಾಡಿದರೆ ರಿಕವರಿ ಪರದೆ ತಾನೇ ಬರುತ್ತದೆ. ಅಲ್ಲಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಮೊದಲು, ಸಿಸ್ಟಮ್ ರೀಸ್ಟೋರ್ ಆಮೇಲೆ.

ಲೆಕ್ಕದ ಕೋಣೆ

ವೈರಸ್ ವಿಷಯ ಬಿಟ್ಟೇ ಹೋಗಿದೆ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವುದು ಎಲ್ಲರಿಗೂ ಗೊತ್ತಿರುವುದೇ. ಕಡತ ಅಳಿದಿರುವುದಿಲ್ಲ, ಅಡಗಿರುತ್ತದೆ. ಮೊದಲು ಡಿಫೆಂಡರ್‌ನಿಂದ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ, ಆಮೇಲೆ 'ಆ್ಯಟ್ರಿಬ್ -ಎಚ್ -ಆರ್ -ಎಸ್ /ಎಸ್ /ಡಿ' ಹಾಗೂ ಆ ಡ್ರೈವಿನ ಅಕ್ಷರ ಕೊಟ್ಟರೆ ಎಲ್ಲ ವಾಪಸ್ ಕಾಣುತ್ತದೆ. ಆಗ ಶಾರ್ಟ್‌ಕಟ್‌ಗಳನ್ನು ಅಳಿಸಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಅದೇ ಪೆನ್‌ಡ್ರೈವ್ ಚುಚ್ಚಿ ಅದೇ ಶಾರ್ಟ್‌ಕಟ್ ಒತ್ತಿದರೆ ಮತ್ತೆ ಮೊದಲಿಂದ ಶುರು.

ಇನ್ನು ಬೈಟು ಕಾಫಿ ಅವರಿಗೆ. ಟ್ಯಾಲಿ ಡೇಟಾ ನಿಮ್ಮ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಕಂಪನಿ ಆರಿಸುವ ಪರದೆಯಲ್ಲಿ ಡೇಟಾ ಪಾತ್ ಕಾಣುತ್ತದೆ, ಅಲ್ಲಿಗೆ ಹೋದರೆ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳಿರುತ್ತವೆ. ಅದೇ ನಿಮ್ಮ ಲೆಕ್ಕ. 'ಯಾವುದೋ ಕಸ' ಅಂತ ಬಿಟ್ಟುಹೋಗುವುದು ಇಲ್ಲೇ. ಲೈಸೆನ್ಸ್ ಇದ್ದರೆ ಹಳೆಯ ವಿಂಡೋಸ್ ಬದುಕಿರುವಾಗಲೇ ಸರೆಂಡರ್ ಮಾಡಿ (ಟ್ಯಾಲಿಗೆ ಮರಳಿಸಿ), ಹೊಸದರಲ್ಲಿ ಮತ್ತೆ ಆ್ಯಕ್ಟಿವೇಟ್ ಮಾಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಪ್ರಮಾಣಪತ್ರ ಟೋಕನ್ನಿನೊಳಗೇ ಇರುತ್ತದೆ, ಡ್ರೈವರ್ ಮಾತ್ರ ಮತ್ತೆ ಹಾಕಬೇಕು. 'ಇನಿಶಿಯಲೈಸ್' ಒತ್ತಿದಿರೋ ಸಹಿ ಹೋಯಿತು.

ನುಡಿಯ ಹಳೆಯ ಕಡತಗಳು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕೆ ಗೆರೆ ಎಳೆದಂತೆ ಕಾಣುತ್ತವೆ. ಕಡತ ಹಾಳಾಗಿದೆ ಎಂದು ಅಳಿಸಬೇಡಿ. ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟ್‌ಗಳನ್ನೂ, 'ಬರಹ' ತಂತ್ರಾಂಶ ಬಳಸಿದ್ದರೆ ಬಿಆರ್‌ಎಚ್ ಹೆಸರಿನವನ್ನೂ ನಕಲು ಮಾಡಿಕೊಳ್ಳಿ.

ಬೈಟು ಕಾಫಿ

ಎಲ್ಲ ನಕಲು ಆಯಿತು, ಫೋಟೋ ಫೋಲ್ಡರ್ ಒಂದರಲ್ಲಿ ಮಾತ್ರ ಮೂರು ಕಡತ ಓದಲಿಲ್ಲ. ಈಗ 480 ಜಿಬಿ ಎಸ್‌ಎಸ್‌ಡಿ ತರಬೇಕು ಅಂತಿದ್ದೀನಿ. ಹಳೆಯದನ್ನು ಕ್ಲೋನ್ ಮಾಡಲಾ, ಹೊಸದಾಗಿ ವಿಂಡೋಸ್ ಹಾಕಲಾ?

ಗಣಕಿ

ಹೊಸದಾಗಿ ಹಾಕಿ. ಇಷ್ಟೆಲ್ಲ ಫಾರ್ಮ್ಯಾಟ್ ಬೇಡ ಎಂದು ಕೊನೆಗೆ ಇದನ್ನು ಹೇಳುವುದು ವಿಚಿತ್ರ ಅನ್ನಿಸಬಹುದು, ಆದರೆ ಓದಲಾಗದ ಸೆಕ್ಟರ್ ಇರುವ ಡಿಸ್ಕಿನಿಂದ ಕ್ಲೋನ್ ಮಾಡಿದರೆ ತೂತು ಬಿದ್ದ ವಿಂಡೋಸೇ ಹೊಸ ಡಿಸ್ಕಿಗೂ ಬರುತ್ತದೆ. ಆ ಮೂರು ಫೋಟೋ ಬೇಕೇ ಬೇಕು ಎಂದಾದರೆ ಲಿನಕ್ಸ್ ಪೆನ್‌ಡ್ರೈವಿನಿಂದ 'ಡಿಡಿರೆಸ್ಕ್ಯೂ' ಓಡಿಸಿ ಇಡೀ 1 ಟಿಬಿಯ ಪ್ರತಿಬಿಂಬವನ್ನು ಅದಕ್ಕಿಂತ ದೊಡ್ಡ ಹೊರಡಿಸ್ಕಿಗೆ ತೆಗೆಯಿರಿ. 480 ಜಿಬಿಗೆ ಅದು ಹಿಡಿಸುವುದಿಲ್ಲ. ಎಲ್ಲಿಯವರೆಗೆ ಓದಿತೆಂದು ಬರೆದಿಡುವ ಮ್ಯಾಪ್ ಕಡತ ಕೊಡುವುದನ್ನು ಮರೆಯಬೇಡಿ, ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಎಸ್‌ಎಸ್‌ಡಿ 2.5 ಇಂಚಿನ ಸಾಟಾ, 7 ಮಿಲಿಮೀಟರ್ ದಪ್ಪದ್ದು ನೋಡಿ ತನ್ನಿ. ಜೊತೆಗೆ ರ‍್ಯಾಮ್ 8 ಜಿಬಿಗೆ ಏರಿಸಿ, 4 ಜಿಬಿ ಇರುವವರೆಗೆ ಎಸ್‌ಎಸ್‌ಡಿಯ ಅರ್ಧ ಲಾಭ ರ‍್ಯಾಮ್ ಸಾಲದ್ದನ್ನು ಡಿಸ್ಕಿಗೆ ಇಳಿಸಿಡುವ ಪೇಜ್‌ಫೈಲಿಗೇ ಹೋಗುತ್ತದೆ. ಕಡ್ಡಿ ಕೊಳ್ಳುವ ಮುನ್ನ ಸಿಪಿಯು-ಝಡ್‌ನಲ್ಲಿ ಡಿಡಿಆರ್4 ಹೌದೇ, ಖಾಲಿ ಸ್ಲಾಟ್ ಇದೆಯೇ ನೋಡಿಕೊಳ್ಳಿ.

ಹಾಕುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಮಾತ್ರ. ಅಂಗಡಿಯಲ್ಲಿ ಪ್ರೊ ಹಾಕಿದರೆ ಲ್ಯಾಪ್‌ಟಾಪಿನ ಜೊತೆ ಬಂದ ಲೈಸೆನ್ಸ್ ಅದಕ್ಕೆ ಹೊಂದುವುದಿಲ್ಲ, ಆಮೇಲೆ ಕ್ರ್ಯಾಕ್ ಹಾಕುತ್ತಾರೆ, ಅದರ ಹಿಂದೆಯೇ ವೈರಸ್. ಸರಿಯಾದ ಎಡಿಷನ್ ಹಾಕಿದರೆ ಡಿಸ್ಕ್ ಬದಲಾಗಿದ್ದರೂ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ, ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿರುವುದು. ಹಳೆಯ ವಿಂಡೋಸಿನಲ್ಲಿ 'ಡಿಸ್ಮ್ /ಆನ್‌ಲೈನ್ /ಎಕ್ಸ್‌ಪೋರ್ಟ್-ಡ್ರೈವರ್ /ಡೆಸ್ಟಿನೇಷನ್:' ಮುಂದೆ ಫೋಲ್ಡರಿನ ಹೆಸರು ಕೊಟ್ಟು ಡ್ರೈವರ್‌ಗಳನ್ನು ಪೆನ್‌ಡ್ರೈವಿಗೆ ತೆಗೆದಿಡಿ, ಇಲ್ಲದಿದ್ದರೆ ವೈಫೈ ಡ್ರೈವರ್ ಇಳಿಸಿಕೊಳ್ಳಲು ವೈಫೈ ಇಲ್ಲ ಎಂಬ ಪರಿಸ್ಥಿತಿ ಬರುತ್ತದೆ. 11ನೇ ಪೀಳಿಗೆಯ ಇಂಟೆಲ್ ಮತ್ತು ಆಮೇಲಿನವರಿಗೆ ಒಂದು ಮಾತು: ಸೆಟಪ್‌ನಲ್ಲಿ ಡಿಸ್ಕೇ ಕಾಣದಿದ್ದರೆ ಡಿಸ್ಕ್ ಕೆಟ್ಟಿಲ್ಲ, 'ಲೋಡ್ ಡ್ರೈವರ್' ಒತ್ತಿ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಕೊಡಬೇಕು.

ನಿಮ್ಮದು 7ನೇ ಪೀಳಿಗೆಯ ಪ್ರೊಸೆಸರ್, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಎಸ್‌ಯುಗೆ (ಬೆಂಬಲ ಮುಗಿದ ಮೇಲಿನ ಭದ್ರತಾ ಅಪ್‌ಡೇಟ್ ಯೋಜನೆ) ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. 22ಎಚ್2 ಹಾಕಿ, ಅಪ್‌ಡೇಟ್ ಪುಟದಲ್ಲಿ ಆ ನೋಂದಣಿಯ ಕೊಂಡಿ ಸಿಗುತ್ತದೆ.

ತಿರುಪುಳಿ

ಇನ್‌ಸ್ಟಾಲ್ ಮಾಡುವಾಗ ಹಳೆಯ ಡಿಸ್ಕನ್ನು ಪೂರ್ತಿ ಬಿಚ್ಚಿ ಹೊರಗಿಡಿ. ಎರಡೂ ಇದ್ದರೆ ಸೆಟಪ್ ಬೂಟ್ ಪಾರ್ಟಿಷನ್ನನ್ನು ಹಳೆಯ ಡಿಸ್ಕಿನಲ್ಲೇ ಬಳಸಿಕೊಂಡುಬಿಡಬಹುದು, ಆಮೇಲೆ ಹಳೆಯದನ್ನು ತೆಗೆದ ದಿನ ಹೊಸದೂ ಬೂಟ್ ಆಗಲ್ಲ. ತೆಗೆದ ಡಿಸ್ಕಿಗೆ ದಿನಾಂಕ ಬರೆದ ಚೀಟಿ ಅಂಟಿಸಿ ಒಂದಷ್ಟು ತಿಂಗಳು ಹಾಗೇ ಇಡಿ, ಯಾವುದೋ ಕಡತ ನೆನಪಾಗುವುದು ಯಾವಾಗಲೂ ತಡವಾಗಿಯೇ. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್ ಡಿಸ್ಕ್ ಮಾಡಿಕೊಳ್ಳುವ ಆಸೆ ಬೇಡ.